ತಲೆಗಡೆ ಎತ್ತರದ ಮಂಚ

ನಾನು ಒಂದು ಐಸಿಯು ಮಂಚ. ಹುಬ್ಬಳ್ಳಿಯ ತಗಡಿನ ಶೆಡ್ಡೊಂದರಲ್ಲಿ, ಮದುವೆ ಮಂಟಪದ ಕಮಾನುಗಳ ಜತೆಯಲ್ಲೇ ನನ್ನನ್ನೂ ಬೆಸೆದರು. ಕಮಾನುಗಳಿಗೆ ಬಂಗಾರದ ಬಣ್ಣ ಬಂತು, ನನಗೆ ಬಿಳಿ. ಕಾಲಿನ ಕಡೆ ಒಂದು ಹಿಡಿಕೆ ಕೊಟ್ಟರು. ಅದನ್ನು ತಿರುಗಿಸಿದರೆ ನನ್ನ ತಲೆಗಡೆ ಏಳುತ್ತದೆ, ಹಿಂದಕ್ಕೆ ತಿರುಗಿಸಿದರೆ ಇಳಿಯುತ್ತದೆ. ನನಗೆ ಬರುವ ವಿದ್ಯೆ ಇಷ್ಟೇ.

ದೊಡ್ಡ ಆಸ್ಪತ್ರೆಯೊಂದು ನನ್ನನ್ನು ಕೊಂಡಿತು. ನನಗೆ ಯಜಮಾನರು ಯಾರೂ ಇರಲಿಲ್ಲ, ಬಿಡಾರ ಹೂಡಿದವರಷ್ಟೇ. ಕೆಲವರು ಎದ್ದು ನಡೆದು ಹೋದರು, ಉಳಿದವರನ್ನು ಎತ್ತಿಕೊಂಡು ಹೋದರು. ಯಾರು ಹೋದರೂ ಹಿಂದೆಯೇ ಒರೆಸುತ್ತಿದ್ದ ಫಿನೈಲ್ ಮಾತ್ರ ಒಂದೇ.

ಮಡಿವಾಳಪ್ಪ ಸಿಟಿ ಬಸ್ಸಿನ ಕಂಡಕ್ಟರ್. ಬಂದದ್ದು ವಾಂತಿ, ಜ್ವರವೆಂದು. ಅವನ ಹೊಟ್ಟೆಯಲ್ಲಿದ್ದದ್ದು ಅಕ್ಕ ನೀಲವ್ವ ಕೊಟ್ಟ ಕಿಡ್ನಿ. ಅದನ್ನು ಮೈ ಹೊರದೂಡದಿರಲೆಂದು ಅವನು ನುಂಗುತ್ತಿದ್ದ ಗುಳಿಗೆಗಳು ಮೈಯ ಕಾವಲನ್ನೇ ಮಂಕು ಮಾಡಿದ್ದವು. ಉಸಿರು ಸಾಲದೆ, ಗಂಟಲಿಗೆ ನಳಿಗೆ ಇಳಿಸಿ ಯಂತ್ರಕ್ಕೆ ಜೋಡಿಸಿದರು.

ಸಿಸ್ಟರ್ ಎಸ್ತರ್ ಹಿಡಿಕೆ ತಿರುಗಿಸಿ ನನ್ನ ತಲೆಗಡೆ ಎತ್ತಿಟ್ಟಳು. ಭೇಟಿಯ ಹೊತ್ತಿಗೆ ನೀಲವ್ವ ಬಂದಾಗ ತಮ್ಮ ಜಾರಿ ಜಾರಿ ಕೆಳಗೆ ಬಂದಿದ್ದ, ಕುತ್ತಿಗೆ ಒಂದು ಕಡೆ ವಾಲಿತ್ತು.

"ಕುಂತು ಯಾರರ ನಿದ್ದಿ ಮಾಡ್ತಾರೇನವ್ವ? ಬಸ್ಸಿನ್ಯಾಗ ಕುಂಡ್ರಿಸಿದಂಗ ಕುಂಡ್ರಿಸೀರಿ!"

"ಕಂಡಕ್ಟರ್ ಅಲ್ಲೇನ್ರಿ ಅಕ್ಕಾರ, ರೂಢಿ ಇರತದ," ಎಂದಳು ಎಸ್ತರ್.

"ಕಂಡಕ್ಟರ್ ನಿಂತಿರ್ತಾನ. ಕುಂಡ್ರೂದು ನಿನ್ನಂಥಾ ಪ್ಯಾಸೆಂಜರ್."

ಎಸ್ತರ್ ನಕ್ಕಳು, ಆದರೆ ಬಿಡಲಿಲ್ಲ. "ಮಟ್ಟಸ ಮಲಗಿಸಿದ್ರ ಬಾಯಾಗಿನ ಉಗುಳು, ಹೊಟ್ಟ್ಯಾಗಿನದು ಎಲ್ಲಾ ಲಂಗ್ಸಿಗೆ ಇಳೀತದ್ರಿ. ಇವರಿಗಂತೂ ತಡಕೊಳ್ಳೂ ಶಕ್ತಿ ಇಲ್ಲ."

ಅವಳು ಅತ್ತ ತಿರುಗುವುದೇ ತಡ, ನೀಲವ್ವ ಹಿಡಿಕೆ ತಿರುಗಿಸಿ ನನ್ನನ್ನು ಮಟ್ಟಸ ಮಾಡಿದಳು. ತಮ್ಮನ ಕುತ್ತಿಗೆ ನೆಟ್ಟಗಾಯಿತು. ಮುಖದಲ್ಲಿ ಒಂದಿಷ್ಟು ನೆಮ್ಮದಿಯೂ ಕಂಡಿತು, ಇಲ್ಲವೆನ್ನಲಾರೆ. ಇದೇ ನಿತ್ಯದ ಆಟವಾಯಿತು. ಒಬ್ಬಳು ಪ್ರೀತಿಯಿಂದ ಇಳಿಸುವುದು, ಇನ್ನೊಬ್ಬಳು ಬೈದು ಎತ್ತುವುದು. ಆ ಕಿಡ್ನಿಯ ಹಾಗೆ ನನ್ನ ಹಿಡಿಕೆಯೂ ತನ್ನದೇ ಎಂದು ನೀಲವ್ವ ತಿಳಿದಿದ್ದಳು. ಈ ನಡುವೆ ಅವನ ಉಸಿರು ಸುಧಾರಿಸಿತು, ಡಾಕ್ಟರು ನಳಿಗೆ ತೆಗೆಯುವ ಮಾತಾಡಿದರು.

ಅಷ್ಟರಲ್ಲಿ ಎಸ್ತರ್ ರಜೆ ಹಾಕಿದಳು. ಬದಲಿಗೆ ಬಂದ ಹುಡುಗಿಯ ಪಾಲಿಗೆ ನನ್ನ ಜತೆ ಇನ್ನೂ ಮೂರು ಮಂಚ. ನೀಲವ್ವ ಇಳಿಸಿ ಹೋದ ತಲೆಗಡೆ ಮರುದಿನದ ತನಕ ಇಳಿದೇ ಇತ್ತು. ಆ ಹುಡುಗಿ ಕೈ ತೊಳೆಯದೆ ಒಂದು ಮಂಚದಿಂದ ಇನ್ನೊಂದಕ್ಕೆ ಓಡುವುದನ್ನೂ ಕಂಡೆ, ಕೈ ತೊಳೆಯುವ ನಲ್ಲಿ ತೊಟ್ಟಿಕ್ಕುವುದನ್ನೂ ಕಂಡೆ.

ಜ್ವರ ಏರಿತು. ಕಫ ಹಸಿರಾಯಿತು. ಯಾವ ಇಂಜೆಕ್ಷನ್ನಿಗೂ ಅದು ಜಗ್ಗಲಿಲ್ಲ. ಆಸ್ಪತ್ರೆಯೊಳಗೇ ಹತ್ತಿದ ನ್ಯುಮೋನಿಯಾ ಎಂದರು ಡಾಕ್ಟರು.

"ವಾಸಿ ಮಾಡಿಸ್ಕೊಳ್ಳಾಕ ಬಂದೀವ್ರಿ, ಹತ್ತಿಸ್ಕೊಳ್ಳಾಕಲ್ಲ," ಎಂದಳು ನೀಲವ್ವ. "ಎಲ್ಲಿಂದ ಬಂತ್ರಿ?"

ನಳಿಗೆಯಿಂದ ಇರಬಹುದು, ಯಾರದೋ ಕೈಯಿಂದ ಇರಬಹುದು, ಇಂಥದ್ದರಿಂದಲೇ ಎಂದು ಹೇಳಲಾಗುವುದಿಲ್ಲ ಎಂದರು ಡಾಕ್ಟರು. ಅವರ ಬಳಿ ಇನ್ನೂ ಅನೇಕ ಇರಬಹುದುಗಳಿದ್ದವು. ಕೇಳಲು ಅವಳು ನಿಲ್ಲಲಿಲ್ಲ.

ಎಸ್ತರ್ ರಜೆ ಮುಗಿಸಿ ಬಂದಾಗ ಮಡಿವಾಳಪ್ಪನ ಉಗುರುಗಳು ನೀಲಿಗಟ್ಟಿದ್ದವು. ನೀಲವ್ವ ನನ್ನ ಕಾಲಿನ ಕಡೆ ನಿಂತು ಕೇಳಿದಳು:

"ನಾ ಇಳಿಸಿದ್ದಕ್ಕ ಆತೇನವ್ವ?"

ಎಸ್ತರ್ ಹೊದಿಕೆಯ ಸುಕ್ಕು ತೀಡಿದಳು. "ಇಲ್ಲ್ರಿ ಅಕ್ಕಾರ."

ಅದು ನಿಜವೋ ಸುಳ್ಳೋ, ಅವನನ್ನು ಹೊತ್ತಿದ್ದ ನನಗೂ ತಿಳಿಯದು.

"ಹೌದಂದಿದ್ರ ನನ್ನ ನಾನೇ ಬೈಕೊಂಡು ಕುಂಡ್ರತಿದ್ದೆ," ಎಂದಳು ನೀಲವ್ವ. "ಇಲ್ಲಂದಿ. ಇನ್ನ ಯಾರ್ನ ಬೈಲಿ?"

ಮಧ್ಯಾಹ್ನ ಯಂತ್ರ ನಿಲ್ಲಿಸಿದರು. ಕಿಡ್ನಿ ಮಾತ್ರ ಕೊನೆಯವರೆಗೂ ಚೆನ್ನಾಗಿತ್ತು ಎಂದರು ಡಾಕ್ಟರು. ಸಮಾಧಾನಕ್ಕೇ ಹೇಳಿದ್ದಿರಬೇಕು.

ಫಿನೈಲ್ ಆರುವ ಮೊದಲೇ ರಕ್ತದ ಕ್ಯಾನ್ಸರಿನ ಹುಡುಗಿಯೊಬ್ಬಳನ್ನು ತಂದು ಮಲಗಿಸಿದರು. ಅವಳ ತಾಯಿ ನನ್ನನ್ನು ಒಮ್ಮೆ ಸುತ್ತು ಹಾಕಿ, ಹಿಡಿಕೆ ಎಲ್ಲಿದೆ ಎಂದು ನೋಡಿಕೊಂಡಳು.

ಈಗ ನನ್ನ ಹಿಡಿಕೆಯ ಹಲ್ಲು ಸವೆದಿದೆ. ಹಿತ್ತಲಿನಲ್ಲಿ ಮುರಿದ ಸಲೈನ್ ಸ್ಟ್ಯಾಂಡುಗಳ ನಡುವೆ ಬಿದ್ದಿದ್ದೇನೆ. ಗುಜರಿಯವನು ಒಮ್ಮೆ ಬಂದು ತಟ್ಟಿ ನೋಡಿ ಹೋದ. ನನ್ನ ಜಾಗಕ್ಕೆ ಕರೆಂಟಿನ ಮಂಚ ಬಂದಿದೆಯಂತೆ. ತಿರುಗಿಸುವ ಶ್ರಮವೇ ಇಲ್ಲವಂತೆ, ಬೆರಳಿಂದ ಒತ್ತಿದರೆ ತಲೆಗಡೆ ಏಳುತ್ತದಂತೆ. ಇಳಿಯುವುದಕ್ಕೂ ಅಷ್ಟೇ ಸಾಕಂತೆ.