ಎಡಗೈ ಸುತ್ತು

ಗುರುಸ್ವಾಮಿ ಸತ್ತ ಮೇಲೆ ಅವನ ಕೆಲಸವನ್ನು ಹೆಂಡತಿ ಸುಧಾಮಣಿಯೇ ಮುಂದುವರಿಸಿದಳು. ಸೀಸದ ತಲೆಯ ಗಾಳಕ್ಕೆ ಹುಂಜದ ಗರಿ, ಮೇಕೆ ಬಾಲದ ಕೂದಲು ಇಟ್ಟು ದಾರದಿಂದ ಬಿಗಿದು, ನೀರಿನಲ್ಲಿ ಮರಿಮೀನಿನಂತೆ ಕಂಡು ದೊಡ್ಡ ಮೀನನ್ನು ಸೆಳೆಯುವ ಜಿಗ್ಗು ಕಟ್ಟುವುದು. ಗುಂಡ್ಲುಪೇಟೆಯಲ್ಲಿ ಅದನ್ನು ಕೊಳ್ಳುವವರಿಲ್ಲ. ಸುಲ್ತಾನ್ ಬತ್ತೇರಿಯ ಬಷೀರ್ ತರಿಸಿಕೊಂಡು ಸಮುದ್ರದ ಕಡೆಯವರಿಗೆ ಮಾರುತ್ತಿದ್ದ. ಮದುವೆಗೆ ಮುಂಚೆ ಗುರುಸ್ವಾಮಿ ಅವನ ಅಂಗಡಿಯಲ್ಲೇ ದುಡಿದು ಕೈ ಪಳಗಿಸಿಕೊಂಡಿದ್ದ. ಅಲ್ಲಿಗೇ ಮಾಲು ಕೊಡಲು ಬೈಕಿನಲ್ಲಿ ಹೊರಟವನು ಗಡಿಯ ಹತ್ತಿರದ ಮದ್ದೂರಿನ ಕಾಡುದಾರಿಯಲ್ಲಿ ಲಾರಿಗೆ ಸಿಕ್ಕಿದ. ಸುದ್ದಿ ಕೇಳಿ ಅಲ್ಲಿಗೆ ಓಡಿಬಂದ ಸುಧಾಮಣಿಯ ಕಣ್ಣಲ್ಲಿ ಉಳಿದದ್ದು ರಕ್ತವಲ್ಲ. ಒಡೆದ ಡಬ್ಬಿಯಿಂದ ಚೆಲ್ಲಿ ಲಂಟಾನದ ಪೊದೆಗೆ ಕಚ್ಚಿಕೊಂಡಿದ್ದ ಜಿಗ್ಗುಗಳು. ಗಾಳಿಗೆ ಅವುಗಳ ಬಿಳಿ ಗರಿ ಉಸಿರಾಡಿದಂತೆ ಅಲುಗುತ್ತಿತ್ತು.

ಮಳೆಗಾಲ ಕಳೆದ ಮೇಲೆ ಒಂದು ದಿನ ಬಷೀರ್ ಫೋನ್ ಮಾಡಿದ.

"ಚೇಚಿ, ಗುರುಸ್ವಾಮಿ ಕಟ್ಟಿದ್ದು ಮನೆಯಲ್ಲಿ ಇನ್ನೂ ಎಷ್ಟು ಉಂಟು?"

"ಅವ್ರು ಕಟ್ಟಿದ್ದು ಒಂದೂ ಇಲ್ಲ ಕಣಣ್ಣ. ಈಗ ಕಳಿಸ್ತಿರದೆಲ್ಲ ನಾನೇ ಕಟ್ಟಿದ್ದು."

"ಅಲ್ಲ ಚೇಚಿ. ಬಿಳಿ ಗರಿಯದ್ದೆಲ್ಲ ಅವನ ಕೈ. ಆ ಎಡಗೈ ಸುತ್ತು ನನಗೆ ತಿಳಿಯೋದಿಲ್ವ?"

ಗುರುಸ್ವಾಮಿ ಎಡಚ. ಅವನು ಸುತ್ತಿದ ದಾರ ಬೇರೆಯವರದಕ್ಕೆ ವಿರುದ್ಧ ದಿಕ್ಕಿಗೆ ಓಡುತ್ತಿತ್ತು. ಸುಧಾಮಣಿ ಫೋನಿಟ್ಟು, ಅಂದು ಬೆಳಿಗ್ಗೆ ಕಟ್ಟಿ ಒಣಗಲು ಹಾಕಿದ್ದ ಜಿಗ್ಗುಗಳನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. ಕರಿ ಗರಿಯವು ಅವಳ ಸುತ್ತು. ಬಿಳಿ ಗರಿಯವು ಅವನದು. ಅವನ್ನು ಕಟ್ಟಿದ್ದು ಹೇಗೆಂದು ಎಷ್ಟು ನೆನೆದರೂ ಅವಳಿಗೆ ನೆನಪಾಗಲಿಲ್ಲ.

"ನಂಗೊತ್ತಿತ್ತು ಕಣಮ್ಮಿ," ಅಂದಳು ಗೋಡೆಗೊರಗಿ ಕೂತಿದ್ದ ಅತ್ತೆ ಪುಟ್ಟಸಿದ್ದಮ್ಮ. ಮಗ ಹೋದಾಗಿನಿಂದ ಎರಡು ಮಾತು ಆಡಿದ್ದೇ ಹೆಚ್ಚು. "ಬಿಳಿ ಗರಿ ಮುಟ್ಟುತ್ಲೂವೆ ನಿನ್ ಎಡಗೈ ಎದ್ದು ಬತ್ತದೆ. ಬೆರ್ಳು ಆಡ್ಸೋದು ಥೇಟ್ ಅವ್ನಂಗೇಯ. ಅದ್ಕೇ ನಾನು ದಿನಾ ಇಲ್ಲಿ ಬಂದು ಕೂರದು."

ಇಷ್ಟು ದಿನ ಮುದುಕಿ ತನಗೆ ಜೊತೆಯಾಗಲೆಂದು ಕೂರುತ್ತಾಳೆ ಎಂದೇ ಸುಧಾಮಣಿ ಅಂದುಕೊಂಡಿದ್ದಳು. ಗಾಳ ಕಚ್ಚಿಸುವ ಇಕ್ಕಳವನ್ನು ಮೇಜಿನಿಂದ ಬಿಚ್ಚಿ ಅಟ್ಟಕ್ಕೆ ಹಾಕಿದಳು. ಮಲಗುವಾಗ ಎಡಗೈಯನ್ನು ಸೆರಗಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಳು. ಆ ಕೈ ತನ್ನ ಮಗ್ಗುಲಲ್ಲಿ ಬೇರೆ ಯಾರೋ ಮಲಗಿದಂತೆ ಬೆಚ್ಚಗಿತ್ತು.

ಇಕ್ಕಳ ಅಟ್ಟ ಸೇರಿದ ಮೇಲೆ ಪುಟ್ಟಸಿದ್ದಮ್ಮ ತಟ್ಟೆ ಮುಟ್ಟುವುದನ್ನೇ ಬಿಟ್ಟಳು. ಜಗಳವಿಲ್ಲ, ಅಳುವಿಲ್ಲ. ಬರಿದಾದ ಮೇಜನ್ನೇ ನೋಡುತ್ತ ಕೂರುವಳು. ಕೊನೆಗೆ ಸುಧಾಮಣಿಯೇ ಸೋತು ಇಕ್ಕಳ ಇಳಿಸಿದಳು. ಬಿಳಿ ಗರಿಯನ್ನು ಬೆರಳಲ್ಲಿ ಸವರಿ, ಗಾಳಕ್ಕಿಟ್ಟು, ಕಣ್ಣು ಮುಚ್ಚಿ ಕಾದಳು. ಭಯ ಇತ್ತು. ಅವನು ಬರಲಿ ಅನ್ನುವ ಆಸೆಯೂ ಇದ್ದದ್ದು ಆಗಲೇ ಅವಳಿಗೆ ತಿಳಿದದ್ದು.

ಎಡಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಮತ್ತೊಂದು ಗರಿ, ಮತ್ತೊಂದು ಗಾಳ. ಎಲ್ಲವನ್ನೂ ಬಲಗೈಯೇ ಕಟ್ಟಿತು.

"ಬರ್ನಿಲ್ಲ," ಅಂದಳು ಪುಟ್ಟಸಿದ್ದಮ್ಮ. ಗೋಡೆ ಹಿಡಿದು ಏಳಹೋದಳು.

"ಇರಿ ಅತ್ತೆ."

ಸುಧಾಮಣಿ ದಾರವನ್ನು ಬೇಕೆಂದೇ ಎಡಗೈಗೆ ತೆಗೆದುಕೊಂಡಳು. ಬೆರಳು ತಡವರಿಸಿದವು, ಗರಿ ಓರೆಯಾಯಿತು, ದಾರ ಗಂಟುಗಂಟಾಯಿತು. ಆದರೂ ಬಿಡದೆ ಅವನ ದಿಕ್ಕಿಗೇ ಸುತ್ತಿದಳು. ಅತ್ತೆ ಹತ್ತಿರ ಬಂದು, ಆ ವಕ್ರ ಜಿಗ್ಗನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. ಸುಧಾಮಣಿಗೆ ತಲೆಯೆತ್ತಲು ಆಗಲಿಲ್ಲ.

"ಇದು ನಿನ್ ಕೈ ಕಣವ್ವ. ನಂಗೇನು ಗೊತ್ತಾಗಕಿಲ್ವ?" ಅಂದಳು ಪುಟ್ಟಸಿದ್ದಮ್ಮ. ಜಿಗ್ಗನ್ನು ಮೇಜಿನ ಮೇಲಿಟ್ಟು, "ಆಗ್ಲಿ, ಸುತ್ತು," ಅಂದು ಪಕ್ಕದಲ್ಲೇ ಕೂತಳು.

ಅಂದು ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಮುದ್ದೆ ಉಂಡರು. ಮಾರನೆಯ ಬೆಳಿಗ್ಗೆ ಮುದುಕಿ ಕೋಳಿ ಅಂಗಡಿಗೆ ತಾನೇ ಹೋಗಿ ಬಿಳಿ ಗರಿ ಆರಿಸಿ ತಂದಳು. ಸೋಪಿನ ನೀರಲ್ಲಿ ತೊಳೆದು ಬಿಸಿಲಿಗೆ ಹರವಿದಳು. ಒಣಗಿದ ಮೇಲೆ ಒಂದೊಂದನ್ನೂ ನೀವಿ, ಮೇಜಿನ ಎಡಗಡೆಗೆ ಜೋಡಿಸಿಟ್ಟಳು. ಸುಧಾಮಣಿ ಅದನ್ನು ನೋಡಿದಳು. ಕುರ್ಚಿ ಎಳೆದು ಕೂತು, ಎರಡೂ ಕೈಯನ್ನು ಮೇಜಿನ ಮೇಲೆ ಚಾಚಿಟ್ಟು ಕಾದಳು.