ಒರೆಸಿದರೂ ಹೋಗದ ಸಾಲು

ನಾನೊಂದು ಕರಿಹಲಗೆ. ನನ್ನನ್ನು ಮಾಡಿದ ದಿನ ಬಡಗಿಗೆ ಹಲ್ಲುನೋವು. ಒಂದು ಕೈ ಕೆನ್ನೆಗೆ ಕೊಟ್ಟುಕೊಂಡು, ಇನ್ನೊಂದು ಕೈಯಲ್ಲಿ ಪ್ಲೈವುಡ್ಡಿಗೆ ಚೌಕಟ್ಟು ಹೊಡೆದ. ಹಾಗಾಗಿ ನನ್ನ ಎಡಭಾಗ ಹುಟ್ಟಿನಿಂದಲೇ ಒಂದು ಬೆರಳು ತಗ್ಗು. ನನ್ನ ಮೇಲೆ ಬರೆದವರ ಸಾಲುಗಳೆಲ್ಲ ಕೊನೆಗೆ ಮೇಲಕ್ಕೆ ಏರುತ್ತವೆ. ಜನ ಬರೆದವರ ಕೈಯನ್ನು ಬೈಯುತ್ತಾರೆ, ಬಡಗಿಯ ಹಲ್ಲಿನ ವಿಷಯ ಯಾರಿಗೂ ಗೊತ್ತಿಲ್ಲ.

ಮೊದಲ ಆರು ವರ್ಷ ಒಂದು ಶಾಲೆಯಲ್ಲಿ ಲ.ಸಾ.ಅ., ಮ.ಸಾ.ಅ. ಹೊತ್ತುಕೊಂಡು ನಿಂತಿದ್ದೆ. ಆಮೇಲೆ ಶಾಲೆಗೆ ಹಸಿರು ಬೋರ್ಡು ಬಂತು, ನನ್ನನ್ನು ಅಡುಗೆಮನೆಯ ಸೌದೆಗೆ ಒರಗಿಸಿದರು. ಬೆಂಕಿಗೆ ಹೋಗಬೇಕಿದ್ದ ನನ್ನನ್ನು ಎತ್ತಿಕೊಂಡು ಬಂದವರು ಗರುಡ ಬ್ಯಾಸ್ಕೆಟ್‌ಬಾಲ್ ಕ್ಲಬ್ಬಿನ ಕಾರ್ಯದರ್ಶಿ ಮರಿಗೌಡರು. ಮಂಡ್ಯ ಸೀಮೆಯ ಸಣ್ಣ ಊರು ಅದು. ಸಿಮೆಂಟು ನೆಲ, ಎರಡು ಕಬ್ಬಿಣದ ಕಂಬ, ಹರಿದ ಬಲೆ, ಒಂದು ಕಲ್ಲುಬೆಂಚು. ಬೆಂಚಿನ ಪಕ್ಕದ ಗೋಡೆಗೆ ನನ್ನನ್ನು ನೇತು ಹಾಕಿದರು. ಸ್ಕೋರು ಬರೆಯಲಿ ಅಂತ ತಂದದ್ದು. ಆದರೆ ತುಕಾರಾಮಣ್ಣನ ಕೈಗೆ ಸಿಕ್ಕಿದೆ ನೋಡಿ, ಅಲ್ಲಿಂದ ನನಗೆ ವಿಶ್ರಾಂತಿ ಅನ್ನುವುದೇ ಇಲ್ಲ.

ತುಕಾರಾಮಣ್ಣ ದರ್ಜಿ. ಕ್ಲಬ್ಬಿನ ಎದುರೇ ಅವನ ಅಂಗಡಿ. ಆಡಿದವನಲ್ಲ, ಗಿಡ್ಡ ಆಸಾಮಿ. ಆದರೆ ಬ್ಯಾಸ್ಕೆಟ್‌ಬಾಲ್ ಅಂದರೆ ಜೀವ ಬಿಡುತ್ತಿದ್ದ. ಕ್ಲಬ್ಬಿನ ಜರ್ಸಿಗಳನ್ನೆಲ್ಲ ಕೂಲಿ ತೆಗೆದುಕೊಳ್ಳದೆ ಹೊಲಿದುಕೊಡುತ್ತಿದ್ದ. ಅದಕ್ಕೆ ಬದಲಾಗಿ ಕೇಳಿದ್ದು ಒಂದೇ: ದಿನಾ ಬೆಳಿಗ್ಗೆ ನನ್ನ ಮೇಲೆ ತನ್ನ ಅಭಿಪ್ರಾಯ ಬರೆಯುವ ಹಕ್ಕು. ಬರೆದವನೇ ಒರೆಸಬೇಕು, ಬೇರೆಯವರು ಮುಟ್ಟಕೂಡದು. ಕ್ಲಬ್ಬಿನವರು ನಗುತ್ತಾ ಒಪ್ಪಿದರು. ಆ ನಗುವಿನ ಭಾರ ಬಿದ್ದದ್ದು ನನ್ನ ಮೇಲೆ.

ಅಬ್ಬಬ್ಬಾ, ಏನೇನು ಬರೆದ! ‘ಕ್ರಿಕೆಟ್‌ನಲ್ಲಿ ಹೆಚ್ಚಿನ ಪ್ರೇಕ್ಷಕರು ಮೈದಾನದ ಒಳಗೇ ನಿಂತಿರುತ್ತಾರೆ.’ ‘ಚುನಾವಣೆಗೂ ನಮ್ಮ ನಿಯಮ ಬರಬೇಕು. ಐದು ಫೌಲ್ ಮಾಡಿದವನು ಹೊರಗೆ ಕೂರಬೇಕು.’ ‘ಸರ್ಕಾರಿ ಕಚೇರಿಗೂ ನಮ್ಮ ಆಟದ ಮೂವತ್ತು ಸೆಕೆಂಡಿನ ಗಡಿಯಾರ ಇಡಿ. ಅಷ್ಟರಲ್ಲಿ ಫೈಲು ಮುಂದಕ್ಕೆ ಎಸೆಯದಿದ್ದರೆ ಕುರ್ಚಿ ಬೇರೆಯವರಿಗೆ.’ ಪೆಟ್ರೋಲು, ಪಾಕಿಸ್ತಾನ, ಒಲಿಂಪಿಕ್ಸು, ನಲ್ಲಿ ನೀರು, ಅಂಪೈರುಗಳ ಕಣ್ಣು, ಯಾವುದನ್ನೂ ಬಿಟ್ಟವನಲ್ಲ. ಬಸ್ಸಿಗೆ ಹೋಗುವವರು ನಿಂತು ಓದಿ ನಗುತ್ತಿದ್ದರು. ಅವನು ಅಂಗಡಿಯ ಒಳಗಿಂದ ಹೊಲಿಗೆ ನಿಲ್ಲಿಸಿ, ಯಾರು ನಕ್ಕರು, ಯಾರು ನಗಲಿಲ್ಲ ಎಂದು ನೋಡುತ್ತಿದ್ದ. ನನಗೂ ಆಗ ಸ್ವಲ್ಪ ಜಂಬವಿತ್ತು, ಸುಳ್ಳು ಯಾಕೆ ಹೇಳಲಿ.

ಕ್ಲಬ್ಬಿನಲ್ಲಿ ಹುಡುಗಿಯರ ತಂಡ ಶುರುವಾದ ವರ್ಷ ಅವನು ಬರೆದ: ‘ಹೆಣ್ಣುಮಕ್ಕಳು ಆಡಲಿ, ಬಹಳ ಸಂತೋಷ. ಆದರೆ ತೋಳಿಲ್ಲದ ಜರ್ಸಿ ನಮ್ಮೂರಿಗೆ ಹೊಂದುವುದಿಲ್ಲ.’ ಬರೆದು ಸುಮ್ಮನಾಗಲಿಲ್ಲ, ಹೊಲಿಯುವವನೂ ಅವನೇ ತಾನೆ. ಹನ್ನೆರಡು ಜರ್ಸಿಗೂ ಗಿಡ್ಡ ತೋಳು ಇಟ್ಟ. ಹೆಣ್ಣುಮಕ್ಕಳ ಮೈಗೆ ಟೇಪು ಹಿಡಿಯುವ ಪದ್ಧತಿ ಅವನ ಅಂಗಡಿಯಲ್ಲಿ ಇರಲಿಲ್ಲ. ಮನೆಯಿಂದ ಅಳತೆಗೆ ಒಂದು ಹಳೆಯ ರವಿಕೆ ತರಬೇಕು, ಅದನ್ನು ನೋಡಿ ಅವನು ಬಟ್ಟೆ ಕತ್ತರಿಸುತ್ತಿದ್ದ. ಕೊಡ ಹೊರುವ, ಪುಸ್ತಕ ಹಿಡಿಯುವ ಕೈಗೆ ಹೊಲಿದ ರವಿಕೆಗಳು ಅವು.

ಜಿಲ್ಲಾ ಫೈನಲ್ಲಿನ ಹಿಂದಿನ ದಿನ ಬೆಂಚಿನ ಹತ್ತಿರ ಜರ್ಸಿ ಹಂಚಿದರು. ತಾರಾಮಣಿ ಎಂಬ ಹುಡುಗಿ ತನ್ನದನ್ನು ತೊಟ್ಟುಕೊಂಡು ಬಂದು ನನ್ನ ಮುಂದೆಯೇ ನಿಂತಳು. ಹದಿನೇಳು ವರ್ಷ, ಸಣಕಲು ಮೈ. ದೂರದಿಂದ ಎಸೆದರೂ ಚೆಂಡು ಬಲೆಯೊಳಗೆ ಸದ್ದಿಲ್ಲದೆ ಇಳಿಯುತ್ತಿತ್ತು.

“ಅಣ್ಣ, ಬಲಗಡೆ ಕಂಕುಳಲ್ಲಿ ಬಿಗಿ ಕಣಣ್ಣ. ಕೈ ಎತ್ತಕ್ಕೇ ಆಗ್ತಿಲ್ಲ,” ಅಂದಳು.

“ಹೊಸ ಬಟ್ಟೆ ಕಣಮ್ಮ. ಎರಡು ಸಲ ಹಾಕ್ಕೊಂಡ್ರೆ ಎಲ್ಲಾ ಸರಿಹೋಗ್ತದೆ,” ಅಂದ ತುಕಾರಾಮಣ್ಣ.

ದರ್ಜಿಗಳೆಲ್ಲ ಆಡುವ ಮಾತು ಅದು. ಮದುವೆ ಹುಡುಗನಿಗೂ ಅದೇ, ಶಾಲೆಗೆ ಹೋಗುವ ಮಗುವಿಗೂ ಅದೇ. ಹುಡುಗಿ ತೋಳನ್ನು ಎಳೆದು ಸರಿಮಾಡಿಕೊಳ್ಳುತ್ತಾ ಹೋದಳು.

ಫೈನಲ್ ನಮ್ಮ ಅಂಗಳದಲ್ಲೇ ನಡೆಯಿತು. ನಾವು ನಲವತ್ತೊಂದು, ಅವರು ನಲವತ್ತೆರಡು. ನಾಲ್ಕು ಸೆಕೆಂಡು ಉಳಿದಿರುವಾಗ ತಾರಾಮಣಿಗೆ ಎರಡು ಫ್ರೀ ಥ್ರೋ ಸಿಕ್ಕವು. ಒಂದು ಬಿದ್ದರೆ ಸಮ, ಎರಡು ಬಿದ್ದರೆ ಕಪ್ ನಮ್ಮದು. ಅವಳು ಕೈ ಎತ್ತಿದಳು. ತೋಳು ಕಿವಿಯ ಹತ್ತಿರ ಬಂದು ಅಲ್ಲೇ ಜಗ್ಗಿ ನಿಂತಿತು. ನಾನು ಕಣ್ಣಾರೆ ಕಂಡೆ. ಚೆಂಡು ರಿಂಗಿನ ಮುಂಭಾಗಕ್ಕೆ ಬಡಿಯಿತು. ಎರಡನೆಯದೂ ಅಲ್ಲಿಗೇ ಬಡಿಯಿತು. ಸೀಟಿ ಊದಿದರು. ಊರಿಗೆ ಊರೇ ತಲೆ ತಗ್ಗಿಸಿಕೊಂಡು ಹೋಯಿತು.

ಮರುದಿನ ತುಕಾರಾಮಣ್ಣ ಅಂಗಡಿಯಿಂದ ಬುಸುಗುಡುತ್ತಾ ಬಂದ. ಸೀಮೆಸುಣ್ಣ ಮುಗಿದಿತ್ತು. ಕಿವಿಯ ಹಿಂದೆ ಸಿಕ್ಕಿಸಿದ್ದ, ಬಟ್ಟೆಗೆ ಗುರುತು ಹಾಕುವ ಮೇಣದ ಚಾಕ್ ತೆಗೆದು ಗೀಚಿದ: ‘ತಾರಾಮಣಿಗೆ ಕೈಯಲ್ಲಿ ಬಲವಿಲ್ಲ, ಎದೆಯಲ್ಲಿ ಧೈರ್ಯವಿಲ್ಲ. ಕ್ಲಬ್ಬಿನ ಮಾನ ಹೋಯಿತು.’ ಸಾಲು ಎಂದಿನಂತೆ ಕೊನೆಗೆ ಮೇಲಕ್ಕೇರಿತು.

ಮರಿಗೌಡರು ಓದಿ ತಲೆ ಕೊಡವಿದರು. “ಈ ಪಾಟಿ ಬೆಂಕಿ ಕಾರ್ಬಾರ್ದು ಕಣಯ್ಯ. ಹುಡ್ಗಿ ಏನ್ ಬೇಕೂಂತ ಬುಟ್ಲಾ?”

“ಇದ್ದದ್ದು ಇದ್ದಂಗೆ ಹೇಳೋನು ನಾನು. ಒಂದು ದಿನ ಇರ್ಲಿ, ನಾಳೆ ಒರೆಸ್ತೀನಿ,” ಅಂದ ತುಕಾರಾಮಣ್ಣ.

ಮಧ್ಯಾಹ್ನ ಹುಡುಗಿ ಬಂದಳು. ಓದಿದಳು. ಅಳಲಿಲ್ಲ, ನೋಡಿ, ಅದೇ ನನಗೆ ತಡೆಯಲಾಗದ್ದು. ಜರ್ಸಿಯನ್ನು ಮಡಿಸಿ ಬೆಂಚಿನ ಮೇಲಿಟ್ಟು ಹೊರಟುಹೋದಳು. ಆ ಅಂಗಳದಲ್ಲಿ ಅವಳು ಮತ್ತೆ ಚೆಂಡು ಮುಟ್ಟಲಿಲ್ಲ.

ಮಾರನೆಯ ದಿನ ಅವನು ಒರೆಸಿದ. ಹೋಗಲಿಲ್ಲ. ಒದ್ದೆ ಬಟ್ಟೆ ತಂದ, ಸೋಪು ತಂದ, ಸೀಮೆಎಣ್ಣೆ ತಂದ. ಅಕ್ಷರ ಇನ್ನಷ್ಟು ಮಿಂಚಿತು. ಕೊನೆಗೆ ಒಳ್ಳೆ ಉಪಾಯ ಹೊಳೆಯಿತು ಅಂತ ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆ ಹಿಡಿದು ಬಂದ. ಬಟ್ಟೆಯ ಮೇಲಿನ ಮೇಣ ಕಾಗದ ಇಟ್ಟು ಉಜ್ಜಿದರೆ ಹೋಗುತ್ತದಲ್ಲ! ಅಯ್ಯೋ, ನಾನೇನು ಪ್ಯಾಂಟೇ? ನನ್ನ ಬಣ್ಣ ಸುಟ್ಟು ಚುರುಗುಟ್ಟಿತು, ಇಸ್ತ್ರಿಪೆಟ್ಟಿಗೆಯ ಆಕಾರದ ಬರೆ ಮುಖದ ಮೇಲೆ ಉಳಿಯಿತು, ಮೇಣ ಮರದೊಳಗೆ ಇಳಿಯಿತು. ಮರಿಗೌಡರು ಮೇಲೆ ಕರಿ ಬಣ್ಣ ಬಳಿಸಿದರು. ಮೇಣವಿದ್ದಲ್ಲಿ ಬಣ್ಣ ಹಿಡಿಯಲಿಲ್ಲ. ಒಂದೇ ತಿಂಗಳಲ್ಲಿ ಉದುರಿ, ಅಕ್ಷರ ಕೊರೆದಿಟ್ಟ ಹಾಗೆ ಎದ್ದು ಬಂತು.

ಅಷ್ಟರಲ್ಲಿ ಜರ್ಸಿಗಳು ರಿಪೇರಿಗೆ ಅವನ ಕೈಗೆ ಬಂದವು. ಒಂದು ಬೆಳಿಗ್ಗೆ ತಾರಾಮಣಿಯ ಜರ್ಸಿ ಹಿಡಿದುಕೊಂಡು ಒಬ್ಬನೇ ಅಂಗಳಕ್ಕೆ ಬಂದ. ಬಲಗಂಕುಳಿನ ಹೊಲಿಗೆ ಎರಡು ಕಡೆ ಕಿತ್ತಿತ್ತು. ಒಳಗಡೆ ಚರ್ಮ ತರಚಿದ ರಕ್ತದ ಕಲೆ ಒಣಗಿತ್ತು. ಅವನು ಆ ತೋಳಿನೊಳಗೆ ತನ್ನ ಕೈ ತೂರಿಸಿ, ಫ್ರೀ ಥ್ರೋ ಗೆರೆಯ ಮೇಲೆ ನಿಂತು ಎತ್ತಿದ. ಅವನ ಸಣ್ಣ ಕೈಯೂ ಕಿವಿ ದಾಟಲಿಲ್ಲ. ಮತ್ತೆ ಎತ್ತಿದ, ಮತ್ತೂ ಎತ್ತಿದ. ಆಮೇಲೆ ಬೆಂಚಿನ ಮೇಲೆ ಕುಸಿದು ನನ್ನನ್ನೇ ನೋಡುತ್ತಾ ಕುಳಿತ.

“ಹುಡ್ಗಿ ಹೇಳಿತ್ತಲ್ಲೋ,” ಅಂದ. ಅಲ್ಲಿ ನಾನಲ್ಲದೆ ಬೇರೆ ಯಾರೂ ಇರಲಿಲ್ಲ.

ಸರಿ, ಇನ್ನು ತಪ್ಪೊಪ್ಪಿಕೊಂಡು ಬರೆಯುತ್ತಾನೆ ಅಂತ ನಾನು ಕಾದೆ. ಚಾಕ್ ಹಿಡಿದು ಬಂದ. ‘ಅಂದು’ ಎಂದು ಬರೆದು ಒರೆಸಿದ. ಪೆಟ್ರೋಲ್ ಬೆಲೆಯ ಬಗ್ಗೆ ಒಂದು ಸಾಲು ಬರೆದು ಹೋದ. ಮಾರನೆಯ ದಿನವೂ ಅದೇ. ಊರ ತಪ್ಪನ್ನೆಲ್ಲ ದುಂಡಗೆ ಬರೆದ ಕೈಗೆ ಈ ಒಂದು ತಪ್ಪು ಬರೆಯಲು ಬರಲಿಲ್ಲ. ಎರಡು ಸಲ ಹುಡುಗಿಯ ಬೀದಿಯ ತಿರುವಿನವರೆಗೂ ಹೋಗಿ ವಾಪಸು ಬಂದನಂತೆ, ಹಾಗೆಂದು ನನ್ನ ಮುಂದೆ ಗೊಣಗಿದ. ಮೂರನೆಯ ಸಲ ಹೋಗುವಷ್ಟರಲ್ಲಿ ಅವಳು ಓದಲು ಬೇರೆ ಊರಿಗೆ ಹೊರಟುಹೋಗಿದ್ದಳು. ನಾನೂ ಹೇಡಿಯ ಜೊತೆಗಾರ, ಏನು ಹೇಳಲಿ. ಬಾಯಿಲ್ಲ.

ವರ್ಷಗಳು ಉರುಳಿದವು. ಅವನ ಸಾಲುಗಳು ಗಿಡ್ಡವಾದವು. ‘ಗೆದ್ದರು.’ ‘ಸೋತರು.’ ‘ಯಾರು ಬಂದರೂ ಅಷ್ಟೇ.’ ಜನರ ಕೈಗೆ ಮೊಬೈಲು ಬಂತು, ಅಭಿಪ್ರಾಯಗಳೆಲ್ಲ ಅದರೊಳಗೆ ಸೇರಿಕೊಂಡವು. ನನ್ನ ಮುಂದೆ ಯಾರೂ ನಿಲ್ಲಲಿಲ್ಲ. ಅಂಗಳಕ್ಕೆ ಬಣ್ಣದ ನೆಲ, ದೀಪದ ಸ್ಕೋರ್‌ಬೋರ್ಡು ಬಂದ ಮೇಲೆ ನನ್ನನ್ನು ಗಾಳಿ ಹೋದ ಚೆಂಡುಗಳ ಕೋಣೆಗೆ ಹಾಕಿದರು. ನಿಜ ಹೇಳಬೇಕೆಂದರೆ ಹಾಯೆನಿಸಿತು. ಆದರೆ ಆ ಸಾಲು ಮಾತ್ರ ನನ್ನ ಜೊತೆಗೇ ಬಂತು.

ಆ ಫೈನಲ್ ಆಗಿ ಇಪ್ಪತ್ತೆರಡು ವರ್ಷದ ಮೇಲೆ ಒಂದು ಬೆಳಿಗ್ಗೆ ಬಾಗಿಲು ತೆರೆಯಿತು. ತುಕಾರಾಮಣ್ಣ. ಕೂದಲೆಲ್ಲ ಬೆಳ್ಳಗೆ, ದಪ್ಪ ಕನ್ನಡಕ. ನನ್ನನ್ನು ಎಳೆದಾಡಿ ಹೊರಗೆ ತಂದು ಹಳೆಯ ಬೆಂಚಿಗೆ ಒರಗಿಸಿದ. ಆವತ್ತು ಶಾಲಾ ತಂಡಗಳ ಪಂದ್ಯವಿತ್ತು. ಒಂದು ತಂಡವನ್ನು ಕರೆತರುತ್ತಿದ್ದ ಪಿ.ಟಿ. ಟೀಚರ್ ತಾರಾಮಣಿ.

ಅವನ ಜೇಬಿನಲ್ಲಿ ಸೀಮೆಸುಣ್ಣವಿತ್ತು. ಅದನ್ನು ಬೆಂಚಿನ ಮೇಲಿಟ್ಟ. ಕಿವಿಯ ಹಿಂದಿನಿಂದ ಮೇಣದ ಚಾಕ್ ತೆಗೆದ. ಬೇಕೆಂದೇ ಅದನ್ನು ತೆಗೆದ. ಹಳೆಯ ಸಾಲಿನ ಕೆಳಗೆ, ಒತ್ತಿ ಒತ್ತಿ ಬರೆದ: ‘ಆ ದಿನ ತೋಳು ಬಿಗಿ ಹೊಲಿದವನು ನಾನು. ಹುಡುಗಿ ಹೇಳಿದಳು, ನಾನು ಕೇಳಲಿಲ್ಲ. ತಪ್ಪು ನನ್ನದು.’ ಅಷ್ಟು ವರ್ಷದಲ್ಲಿ ಒಮ್ಮೆಯೂ ಹೆಸರು ಹಾಕದವನು ಕೆಳಗೆ ಹೆಸರು ಹಾಕಿದ.

ತಾರಾಮಣಿ ಬಂದಳು. ತುಂಬಿದ ಮೈ, ಕೊರಳಲ್ಲಿ ಸೀಟಿ, ಹಿಂದೆ ತೋಳಿಲ್ಲದ ಜರ್ಸಿ ತೊಟ್ಟ ಹುಡುಗಿಯರು. ನಿಂತು ಎರಡೂ ಸಾಲು ಓದಿದಳು. ತುಕಾರಾಮಣ್ಣ ಎದ್ದು ನಿಂತ, ಕೂರಲೂ ಆಗದೆ ನಿಲ್ಲಲೂ ಆಗದೆ.

“ನಂಗೆ ಅವತ್ತೇ ಗೊತ್ತಿತ್ತು ಕಣಣ್ಣ,” ಅಂದಳು.

“ಮತ್ತೆ ಯಾಕಮ್ಮ ಹೇಳ್ಲಿಲ್ಲ? ಬಂದು ಎರಡು ಬೈದಿದ್ರೆ ಆಯ್ತಿತ್ತಲ್ಲ.”

“ಹೇಳಿದ್ರೆ, ನೆಪ ಹೇಳ್ತಾಳೆ ಅಂತ ಅದ್ನೂ ಬರೀತಿದ್ರಿ.”

ಅವನು ಕೈಯಲ್ಲಿದ್ದ ಮೇಣದ ಚಾಕನ್ನು ಮತ್ತೆ ಕಿವಿಯ ಹಿಂದೆ ಸಿಕ್ಕಿಸಿಕೊಂಡ. ಎಲ್ಲದಕ್ಕೂ ಒಂದು ಸಾಲು ಇಟ್ಟುಕೊಂಡಿದ್ದ ಮನುಷ್ಯ.

“ಇನ್ನೂ ಕೋಪ ಐತಾ?” ಅಂದ.

“ಇತ್ತು. ಇಪ್ಪತ್ತೆರಡು ವರ್ಷ ಹೊತ್ಕೊಂಡು ತಿರ್ಗಕ್ಕಾಯ್ತದಾ ಅಣ್ಣ? ಸುಸ್ತಾಗೋಯ್ತು.”

ಹುಡುಗಿಯೊಬ್ಬಳು ನನ್ನ ಹತ್ತಿರ ಬಗ್ಗಿ, “ಮಿಸ್, ಈ ತಾರಾಮಣಿ ನೀವೇನಾ?” ಎಂದು ಕೇಳಿದಳು.

“ನಾನೇ. ಮೊದ್ಲು ಕೆಳಗಿನ ಸಾಲು ಓದು, ಆಮೇಲೆ ಮೇಲಿಂದು,” ಅಂದು ತಾರಾಮಣಿ ಚೆಂಡು ತೆಗೆದುಕೊಂಡು ಗೆರೆಯ ಹತ್ತಿರ ನಡೆದಳು. ಕೈ ಎತ್ತಿದಳು. ತೋಳು ಕಿವಿ ದಾಟಿ ನೆಟ್ಟಗೆ ಮೇಲೆ ಹೋಯಿತು. ಚೆಂಡು ರಿಂಗಿಗೆ ಬಡಿದು ಆಚೆ ಬಿತ್ತು. ಅವಳು ನಕ್ಕಳು.

“ನೋಡಣ್ಣ, ಈಗ್ಲೂ ಬೀಳ್ಲಿಲ್ಲ. ಬರೀತೀರಾ?”

ತುಕಾರಾಮಣ್ಣ ಇಲ್ಲ ಎಂದು ತಲೆ ಆಡಿಸಿದ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಲೇ ಇದ್ದ.

ಈಗ ನಾನು ಮತ್ತೆ ಚೆಂಡುಗಳ ಕೋಣೆಯಲ್ಲಿದ್ದೇನೆ. ಅವನು ಬರುವುದಿಲ್ಲ, ಕಣ್ಣು ಪೂರ್ತಿ ಹೋಗಿದೆಯಂತೆ. ಹೊತ್ತು ಹೊತ್ತು ನನಗೂ ಸಾಕಾಗಿದೆ. ಸೌದೆಗೆ ಕೊಟ್ಟರೂ ಬೇಸರವಿಲ್ಲ. ಕೊಡುವುದಾದರೆ ಎರಡು ಸಾಲನ್ನೂ ಒಟ್ಟಿಗೇ ಕೊಡಲಿ, ನಡುವೆ ಸೀಳಿ ಮೇಲಿನದನ್ನೊಂದೇ ಉಳಿಸದಿರಲಿ.