ಬೀಗ ಹಾಕಿದ ಹೆಸರು

ಸುಶೀಲಕುಮಾರನ ಪಾದದ ಬಳಿ ಬಿಳಿ ಸೇವಂತಿಗೆ ಇಡಲು ಬಗ್ಗಿದ್ದ ರುಖ್ಸಾರಳ ಕೈಚೀಲದಲ್ಲಿ ಫೋನು ಮತ್ತೆ ಗುಂಯ್‌ಗುಟ್ಟಿತು. ವಿಧಿಯಿಲ್ಲದೆ ಅಂಗಳದ ಮೂಲೆಗೆ ಹೋಗಿ ಕಿವಿಗಿಟ್ಟಳು.

“ಔರಾದದಿಂದ ಅಖೀಲ ಮಾತಾಡ್ತೇನ್ರಿ ಮೇಡಮ್. ರಕ್ತನಿಧಿ ಸಾಫ್ಟ್‌ವೇರ್ ನಿಂತದ್ರಿ. ಭಾಲ್ಕಿದಾಗೂ ನಿಂತದಂತ. ಇಲ್ಲಿ ಒಬ್ಬಾಕಿಗೆ ಹೆರಿಗಿ ಆಗಿ ರಕ್ತ ನಿಲ್ಲವಲ್ದು. ಫ್ರಿಜ್ಜಿನಾಗ ಚೀಲ ಅವ, ಖರೆ ತಪಾಸಣಿ ಆಗಿದ್ದು ಯಾವ್ದಂತ ತೋರಿಸದ ಹ್ಯಾಂಗ ಕೊಡ್ಲಿರಿ?”

‘ಸುಶೀಲ ಸರ್‌ಗೆ ಕೇಳ್ರಿ’ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡಳು. ನಿನ್ನೆ ಸಂಜೆ ಬೀದರ ರಕ್ತನಿಧಿಯ ಕಂಪ್ಯೂಟರ್ ವಿಭಾಗದಲ್ಲಿ ಅವಳ ಪಕ್ಕದ ಕುರ್ಚಿಯಲ್ಲಿ ನಗುತ್ತಿದ್ದ ಮನುಷ್ಯ ಬೆಳಗಾಗುವಷ್ಟರಲ್ಲಿ ಎದೆ ಹಿಡಿದುಕೊಂಡು ಹೋಗಿಬಿಟ್ಟಿದ್ದ. ಅದಿನ್ನೂ ಅವಳ ತಲೆಗೆ ಇಳಿದಿರಲಿಲ್ಲ.

ಮೆಟ್ಟಿಲ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದಳು. ಸಾಫ್ಟ್‌ವೇರು ರಕ್ತದ ಲೆಕ್ಕವೆಲ್ಲ ಇರುವ ಡೇಟಾಬೇಸಿನ ಬಾಗಿಲು ತಟ್ಟಿ ತಟ್ಟಿ ವಾಪಸಾಗುತ್ತಿತ್ತು. ತೆರೆಯ ಮೇಲೆ ಒಂದೇ ಸಾಲು, ‘ಸುಶೀಲಕುಮಾರ: ಖಾತೆ ಮುಚ್ಚಿದೆ.’

ಮುಚ್ಚಿದ್ದು ಅವಳೇ. ಕೆಲಸದಲ್ಲಿ ಇಲ್ಲದವರ ಕಂಪ್ಯೂಟರ್ ಖಾತೆಯನ್ನು ಅಂದೇ ಮುಚ್ಚಬೇಕೆಂಬ ಕಚೇರಿಯ ಕಟ್ಟಳೆಯಂತೆ, ಇಲ್ಲಿಗೆ ಬರುವ ಮುಂಚೆ ಅಳುತ್ತಲೇ ಮುಚ್ಚಿದ್ದಳು. ಅವನ ಹೆಸರಿನಲ್ಲಿ ಮೊದಲೇ ತೆರೆದಿದ್ದ ಸಂಪರ್ಕಗಳು ಒಂದಿಷ್ಟು ಹೊತ್ತು ನಡೆದು, ಈಗ ಒಂದೊಂದಾಗಿ ಸತ್ತಿದ್ದವು.

\*

ಕೊರೋನಾ ಕಾಲದ ಒಂದು ಮಧ್ಯಾಹ್ನ ಭಾಲ್ಕಿ, ಔರಾದ ರಕ್ತ ಕೇಂದ್ರಗಳನ್ನು ಬೀದರಿನ ಕಂಪ್ಯೂಟರಿಗೆ ಜೋಡಿಸಿದ್ದು ಸುಶೀಲಕುಮಾರ. ಸಾಫ್ಟ್‌ವೇರು ಡೇಟಾಬೇಸಿನ ಒಳಗೆ ಹೋಗಲು ಒಂದು ಹೆಸರು, ಪಾಸ್‌ವರ್ಡ್ ಬೇಕು. ಅದಕ್ಕೆಂದೇ ಯಾವ ನೌಕರರದೂ ಅಲ್ಲದ ಬೇರೆ ಹೆಸರು ಮಾಡುವುದು ಪದ್ಧತಿ. ಆವತ್ತು ಯಾರಿಗೂ ಪುರಸೊತ್ತಿರಲಿಲ್ಲ.

“ಸದ್ಯಕ್ಕ ನನ್ನ ಹೆಸರೇ ಇರ್ಲಿ ತಗೋರಿ. ಆಮ್ಯಾಲ ಬದಲಿ ಮಾಡೂಣು” ಎಂದಿದ್ದ.

“ಮರೀತೀರಿ ನೀವು” ಎಂದಿದ್ದಳು ರುಖ್ಸಾರ.

“ಮರತ್ರೂ ಏನಾಯ್ತು? ನಾ ಎಲ್ಲಿ ಹೋಗ್ತೇನ್ರಿ?”

ಆಮೇಲೆ ಅವನೂ ಮರೆತ, ಅವಳೂ ಮರೆತಳು.

\*

“ಹೆಣ ಎತ್ತೂ ಹೊತ್ತಿನಾಗ ಇದೆಲ್ಲಾ ಏನವಾ?” ಸುಶೀಲಕುಮಾರನ ಸೋದರಮಾವ ಉತ್ತಮ ಗದರಿದ. ಮಗನ ತಲೆಯ ಬಳಿ ಕೂತಿದ್ದ ತಾಯಿ ಶಾಲುಬಾಯಿಯೂ ಎದ್ದು ಬಂದಳು.

“ಅಮ್ಮಾ, ಸರ್ ಹೆಸರಿಗಿ ನಾನೇ ಬೀಗ ಹಾಕೀನ್ರಿ” ಎಂದಳು ರುಖ್ಸಾರ. “ಆ ಹೆಸರಿನ ಮ್ಯಾಲೇ ಎಲ್ಲಾ ನಡೀತಿತ್ತಂತ ನೆನಪೇ ಇರ್ಲಿಲ್ಲ. ಔರಾದದಾಗ ಒಬ್ಬ ಬಾಣಂತಿ ಸಾಯಲಾಕತ್ತಾಳ್ರಿ.”

ಶಾಲುಬಾಯಿ ಅವಳನ್ನು ದಿಟ್ಟಿಸಿದಳು.

“ತೆಗಿ ಮತ್ತ. ನನ್ನ ಮಾರಿ ಏನ್ ನೋಡ್ತಿ?”

ರುಖ್ಸಾರ ಖಾತೆಯ ಬೀಗ ತೆಗೆದಳು. ಕಡಿಯದೆ ಇಟ್ಟಿದ್ದ ಫೋನಿನಲ್ಲಿ ಅಖೀಲ, “ಬಂತ್ರಿ ಮೇಡಮ್. ಚೀಲ ಒಯ್ಲಾಕತ್ತಾರ” ಎಂದ.

ಒಳಗೆ ಬೌದ್ಧರ ತ್ರಿಸರಣ ಪಠಣ ಮುಗಿದು ಗಂಡಸರು ಚಟ್ಟಕ್ಕೆ ಹೆಗಲು ಕೊಟ್ಟರು. ಶಾಲುಬಾಯಿ ಮಾತ್ರ ಮೆಟ್ಟಿಲ ಮೇಲೆ ಲ್ಯಾಪ್‌ಟಾಪಿನ ಮುಂದೆ ಕೂತಳು.

“ಇದ್ರಾಗ ನನ್ನ ಮಗಂದು ಹೆಸರು ಎಲ್ಲದ?”

ರುಖ್ಸಾರ ತೋರಿಸಿದಳು. ಈಗಷ್ಟೇ ತೆರೆದ ಸಂಪರ್ಕಗಳು ಒಂದರ ಕೆಳಗೊಂದು ನಿಂತಿದ್ದವು. ಪ್ರತಿ ಸಾಲಿನಲ್ಲೂ ಸುಶೀಲಕುಮಾರ, ಎದುರಿಗೆ ‘ಚಾಲ್ತಿ’.

ಚಟ್ಟ ಅಂಗಳ ದಾಟಿ ಬೀದಿಗೆ ಇಳಿಯಿತು. ಶಾಲುಬಾಯಿಯ ಬೆರಳು ಒಂದು ಸಾಲಿನಿಂದ ಮುಂದಿನ ಸಾಲಿಗೆ ಇಳಿಯುತ್ತಿತ್ತು.